ಚಳಿಗೆ ಮುಂಚಿನ ಹಾಜರಿ

ಅಕ್ಕನಿಗೆ,

ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ. ನೀನು ಮೊದಲು ಅದನ್ನೇ ಕೇಳುತ್ತೀಯೆಂದು ಮೊದಲೇ ಬರೆದೆ.

ಪರದೇಶದಲ್ಲಿ ನಾನು ಸಂಬಳವಿಲ್ಲದೆ ಪಾಠ ಹೇಳುವ ಈ ಬಡಮಕ್ಕಳ ಶಾಲೆ ಎಂದರೆ ಗ್ಯಾರೇಜಿನ ಹಿಂದಿನ ಒಂದು ತಗಡಿನ ಕೋಣೆ. ಪಕ್ಕದಲ್ಲಿ ಸುತ್ತಿಗೆಯ ಸದ್ದು ನಿಂತರೆ ಮಕ್ಕಳು ತೂಕಡಿಸುತ್ತಾರೆ!

ಬಂದಾಗಿನಿಂದ ಒಂದು ವಿಷಯ ತಲೆಗೆ ಹುಳ ಬಿಟ್ಟಿತ್ತು. ಹಾಜರಿ ಕರೆದಾಗ ಒಂದು ಹೆಸರಿಗೆ ಸೋಮವಾರ ಹಲ್ಲುಬಿದ್ದ ಹುಡುಗಿ ಕೈ ಎತ್ತಿದರೆ, ಮಂಗಳವಾರ ಅದೇ ಹೆಸರಿಗೆ ಅವಳ ಪಕ್ಕದವಳು ಎತ್ತುತ್ತಾಳೆ. ಅರವತ್ತಕ್ಕೆ ಅರಳುಮರಳು ನನಗೂ ಬಂತೇ ಎಂದು ಹೆದರಿದ್ದೆ.

ನಿನ್ನೆ ಹಲ್ಲುಬಿದ್ದವಳನ್ನು ತಡೆದು, ನನ್ನ ಹರುಕುಮುರುಕು ಭಾಷೆಯಲ್ಲೇ ಕೇಳಿದೆ. ಅವಳು ಕಿಸಕ್ಕನೆ ನಕ್ಕಳು.

"ದಿನಾ ಹೆಸರು ಬದಲಾಯಿಸ್ಕೋತೀವಿ ಟೀಚರ್. ಹೊರಗಿಂದ ಬಂದೋರೆಲ್ಲ ಚಳಿ ಶುರುವಾದ್ರೆ ಹೊರಟುಹೋಗ್ತಾರೆ. ಅವರಿಗೆ ನಿಜವಾದ ಹೆಸರು ಹೇಳಿ ಏನು ಸುಖ?"

"ಆಯ್ತು, ನಿನ್ನ ನಿಜವಾದ ಹೆಸರೇನು ಹೇಳೇ."

"ನೀವು ಚಳೀಲಿ ಇರ್ತೀರಾ?"

ನಾನು ಬೋರ್ಡು ಒರೆಸುತ್ತ ನಿಂತೆ. ಅದರ ಮೇಲೆ ಏನೂ ಬರೆದಿರಲಿಲ್ಲ.

ಅಕ್ಕ, ಮುಂದಿನ ವಾರ ವಾಪಸು ಬರುತ್ತೇನೆಂದು ನನ್ನ ರೂಮು ಗುಡಿಸಿಡಬೇಡ. ಬೀರುವಿನ ಕೆಳಗಿನ ಖಾನೆಯಲ್ಲಿ ನೀನು ಹೆಣೆದ ದಪ್ಪ ಸ್ವೆಟರ್ ಇದೆ, ಅದನ್ನು ಬೇಗ ಕಳಿಸು. ಬೈಗುಳವಿದ್ದರೆ ಚೀಟಿಯಲ್ಲಿ ಬರೆದು ಅದರ ಜೇಬಿನಲ್ಲಿಡು. ಅಲ್ಲಿ ನಿನಗೊಬ್ಬಳಿಗೇ ಬೇಜಾರಾದರೆ ಸ್ವೆಟರನ್ನು ನೀನೇ ತಂದುಕೊಡು; ಇಲ್ಲಿ ಹಾಸಿಗೆ ಎರಡಿವೆ. ಆ ಹುಡುಗಿಯ ಹೆಸರು ತಿಳಿಯದೆ ನಾನಂತೂ ಇಲ್ಲಿಂದ ಏಳುವವಳಲ್ಲ.

ಇಂತಿ,
ನಾನು ಹೊರಡುವಾಗ ನೀನೇ ಇಟ್ಟ ಹೆಸರಿನವಳು,
ಮನೆಗೆ ಮಾರಿ, ಊರಿಗೆ ಉಪಕಾರಿ