ಮುಚ್ಚಳದ ಮೇಲೆ ಕುರ್ಚಿ

ಮಂಡ್ಯ, ಸೋಮವಾರ

ಮನೆ ಮಾಲೀಕರಾದ ಮಧುಕರ ಅವರಿಗೆ ನಮಸ್ಕಾರ.

ಚರಂಡಿ ಉಕ್ಕಿ ಬೀದಿಯೆಲ್ಲ ಗಬ್ಬು ನಾರುತ್ತಿರುವುದು ನಿಜ. ಆದರೆ ನೀವು ಕಳಿಸಿದ ಮುತ್ತುರಾಜು ಮ್ಯಾನ್‌ಹೋಲಿಗೆ ಇಳಿಯಲು ಅಂಗಿ ಬಿಚ್ಚಿದಾಗ, ನಾನು ಮುಚ್ಚಳದ ಮೇಲೆ ಕುರ್ಚಿ ಹಾಕಿಕೊಂಡು ಕುಳಿತೆ.

"ಎದ್ದೇಳಕ್ಕ, ಒಂದ್ ಗಳಿಗೇಲಿ ಬತ್ತೀನಿ" ಎಂದ.

"ನಮ್ಮಣ್ಣನೂ ಇಂಗೇ ಅಂದು ಇಳ್ದ ಕಣಪ್ಪ. ಜೀವಂತ ಬರ್ಲಿಲ್ಲ" ಎಂದೆ.

ಅವನು ಅಂಗಿ ತೊಟ್ಟುಕೊಂಡ. ಈ ಪತ್ರ ಅವನ ಕೈಲೇ ಕಳಿಸುತ್ತಿದ್ದೇನೆ.

ಬೀದಿಯವರು ಮೂಗು ಮುಚ್ಚಿಕೊಂಡು ನನ್ನನ್ನು ಬೈಯುತ್ತಿದ್ದಾರೆ. ಕೊಳಚೆ ಎಳೆಯುವ ಯಂತ್ರದ ಗಾಡಿ ನಾಳೆ ಬರುತ್ತದೆ, ನಗರಸಭೆಗೆ ಫೋನ್ ಮಾಡಿ ಕೇಳಿದ್ದೇನೆ. ಅಲ್ಲಿಯವರೆಗೆ ದಯವಿಟ್ಟು ಇನ್ನೊಬ್ಬನನ್ನು ಕಳಿಸಬೇಡಿ.

ಏಳದಿದ್ದರೆ ಮನೆ ಖಾಲಿ ಮಾಡು ಎಂದು ಫೋನಿನಲ್ಲಿ ಹೇಳಿದ್ದೀರಿ, ಮಾಡುತ್ತೇನೆ. ಗಾಡಿ ಬರುವವರೆಗೆ ಇಲ್ಲಿಂದ ಮಾತ್ರ ಏಳುವುದಿಲ್ಲ.

ಇಂತಿ,
ಕೆಳಮನೆಯ ಚಲುವಮ್ಮ