ಸಿಡಿಲಣ್ಣನ ಚಿತ್ರಕಾರರಿಗೆ

ರಾಜಾಜಿನಗರ, ಬೆಂಗಳೂರು
ಆಗಸ್ಟ್ ೧೯೭೬

ಮಾನ್ಯ ಚಿತ್ರಕಾರರಿಗೆ ನಮಸ್ಕಾರಗಳು.

ನಿಮ್ಮ ವಾರಪತ್ರಿಕೆಯ ‘ಸಿಡಿಲಣ್ಣ’ ಚಿತ್ರಕಥೆಯನ್ನು ನನ್ನ ಮಗಳು ಅಂಬುಜಾ ತಪ್ಪದೆ ಓದುತ್ತಾಳೆ. ಮೂರನೇ ಕ್ಲಾಸಿನ ಹುಡುಗಿ. ಅವಳ ತಂದೆ ಹೋದ ವರ್ಷ ಕಾರ್ಖಾನೆಗೆ ಹೋಗುವಾಗ ಲಾರಿ ಬಡಿದು ತೀರಿಕೊಂಡರು.

ಈ ವಾರದ ಕಥೆಯಲ್ಲಿ ಸತ್ತವರು ಎದ್ದು ಊರಿಗೆ ಬರುತ್ತಾರೆ. ಸಿಡಿಲಣ್ಣ ಅವರನ್ನು ಬಡಿದು ಓಡಿಸುತ್ತಾನೆ. ಅದನ್ನು ಓದಿದ ಮೇಲೆ ಅಂಬುಜಾ ಬಾಗಿಲು ಬಿಟ್ಟು ಕದಲಲಿಲ್ಲ. ಊಟಕ್ಕೆ ಕರೆದರೆ, “ಅಪ್ಪ ಬಂದ್ರೆ ಸಿಡಿಲಣ್ಣ ಹೊಡ್ದುಬಿಡ್ತಾನಮ್ಮ. ಇವ್ರು ನಮ್ಮಪ್ಪ ಅಂತ ನಾನು ಹೇಳ್ಬೇಕು” ಎಂದಳು.

“ಅಪ್ಪ ಬರಲ್ಲ ಕಣೇ” ಎಂದು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದೆ. ಇಬ್ಬರೂ ಅಲ್ಲೇ ಕೂತು ಅತ್ತೆವು. ಆಮೇಲೆ ಸ್ವಲ್ಪ ಮೊಸರನ್ನ ತಿಂದಳು.

ಕಥೆ ನಿಲ್ಲಿಸಿ ಎಂದು ನಾನು ಕೇಳುವುದಿಲ್ಲ. ಸಿಡಿಲಣ್ಣನೆಂದರೆ ಅವಳಿಗೆ ಪ್ರಾಣ. ಸತ್ತವರು ಇಲ್ಲಿ ಉಳಿಯಲಾರರೆಂದು ನನಗೂ ಗೊತ್ತು. ತಿಥಿಯ ದಿನ ನಾವೂ ಅವರನ್ನು ಕರೆದು, ಎಲೆ ಹಾಕಿ ಬಡಿಸಿ, ಕೈಮುಗಿದು ಕಳಿಸಿಕೊಡುತ್ತೇವೆ. ದಯವಿಟ್ಟು ಸಿಡಿಲಣ್ಣನೂ ಹೊಡೆಯದಿರಲಿ. ಬಂದವರಿಗೆ ಊಟ ಹಾಕಿ ಕಳಿಸಲಿ.

ಇಂತಿ,
ಅಲಮೇಲು ಚಕ್ರಪಾಣಿ