ಮರಳ ಮೇಲಿನ ಚಪ್ಪಲಿ

ಪುಟ್ಟೀ,

ಎದ್ದವಳೇ ನನ್ನನ್ನು ಹುಡುಕಿಕೊಂಡು ಬೀದಿಗೆ ಓಡಬೇಡ. ಈಜಲು ಹೋಗಿದ್ದೇನೆ. ಹೌದು, ಅದೇ ಸಮುದ್ರಕ್ಕೆ, ಅಪ್ಪನ ಗುಂಪಿನವರ ಜೊತೆಗೇ.

ಹಾಲು ಕಾಯಿಸಿಟ್ಟಿದ್ದೇನೆ. ತಿಂಡಿ ಆದಮೇಲೆ ಅಜ್ಜಿಗೆ ಮಾತ್ರೆ ಕೊಡು, ನುಂಗುವವರೆಗೂ ಅಲ್ಲೇ ನಿಂತಿರು. ಕೆನ್ನೆಯಲ್ಲಿ ಇಟ್ಟುಕೊಂಡು ಆಮೇಲೆ ಉಗುಳುತ್ತಾರೆ. ನಲ್ಲಿ ರಿಪೇರಿಯವನು ಬಂದರೆ ಫೋನ್ ನೋಡುತ್ತಾ ಕೂರಬೇಡ, ಹೋದ ಸಲ ಅವನು ಮುಟ್ಟಿದ ಮೇಲೆಯೇ ಸೋರುವುದು ಜಾಸ್ತಿಯಾಗಿದ್ದು.

ಬಾಗಿಲ ಹತ್ತಿರ ಇರುವ ಅಪ್ಪನ ಚಪ್ಪಲಿಯನ್ನು ಗುಡಿಸುವಾಗಲೂ ಸರಿಸಬೇಡ.

ಗುಂಪಿನ ಟೀಚರಮ್ಮ ಫೋನ್ ಮಾಡಿದರೆ ಕಟ್ ಮಾಡಬೇಡ. ನಿನಗಿರುವ ಸಿಟ್ಟು ನನಗೂ ಇದೆ. ನೀರಿಗಿಳಿಯುವವರೆಲ್ಲ ಚಪ್ಪಲಿಗಳನ್ನು ಮರಳ ಮೇಲೆ ಸಾಲಾಗಿ ಬಿಡುತ್ತಾರೆ. ಕೊನೆಗೆ ಒಂದು ಜೊತೆ ಉಳಿದರೆ ಒಬ್ಬರು ಇನ್ನೂ ನೀರಲ್ಲಿದ್ದಾರೆ ಎಂದರ್ಥ. ಗುಂಪಿನ ಲೆಕ್ಕವೇ ಅದು. ಅವತ್ತು ಅಲೆ ಎಳೆದುಕೊಂಡು ಹೋದೀತೆಂದು ಅಪ್ಪನ ಚಪ್ಪಲಿಯನ್ನು ಎತ್ತಿ ಕಟ್ಟೆಯ ಮೇಲಿಟ್ಟವರು ಟೀಚರಮ್ಮ. ಒಳ್ಳೆಯದಕ್ಕೇ ಇಟ್ಟಿದ್ದು. ಸಾಲು ಖಾಲಿಯಾಗಿದೆ ಎಂದು ಎಲ್ಲರೂ ನಗುನಗುತ್ತಾ ಟೀ ಕುಡಿಯಲು ಹೊರಟುಬಿಟ್ಟರು.

ಅವತ್ತಿನಿಂದ ಅವರು ತಮ್ಮ ಮನೆಯ ಹೊಸ್ತಿಲು ದಾಟಿಲ್ಲ. ನಿನ್ನೆ ಸಂಜೆ ನಾನೇ ಹೋಗಿ ಬಾಗಿಲು ತಟ್ಟಿ, ಸಮುದ್ರಕ್ಕೆ ಬನ್ನಿ ಎಂದು ಕರೆದೆ.

"ಯಾವ ಮುಖ ಇಟ್ಕೊಂಡು ಬರ್ಲಿ?" ಅಂದರು.

"ನೀರಿಗೆ ಇಳೀಬೇಡಿ. ದಡದಲ್ಲಿ ಕೂತ್ಕೊಳ್ಳಿ, ಸಾಕು" ಅಂದೆ.

ಇವತ್ತು ನಾನು ನೀರಿನಿಂದ ಮೇಲೆ ಬರುವವರೆಗೆ ನನ್ನ ಚಪ್ಪಲಿ ಕಾಯುವವರು ಅವರೇ.

ಅಮ್ಮ